ಮೂರು ದಿನದ ಹಾಲು

ಮಸ್ಕತ್‌ನಿಂದ ಹೈದರಾಬಾದಿಗೆ ವಿಮಾನದಲ್ಲಿ ಮೂರು ಗಂಟೆ, ಹೈದರಾಬಾದಿನಿಂದ ಗಂಗಾವತಿ ಹತ್ತಿರದ ಮರಳಿ ಊರಿಗೆ ಕಾರಿನಲ್ಲಿ ಎಂಟು ಗಂಟೆ. ಅಷ್ಟೂ ಹೊತ್ತು ನನ್ನ ಮಗಳು ಕಣ್ಣು ಮುಚ್ಚಲಿಲ್ಲ. ಸಿಂಧನೂರು ದಾಟಿ ರಸ್ತೆಯ ಎರಡೂ ಬದಿ ಭತ್ತದ ಗದ್ದೆ ಶುರುವಾದಾಗ, "ಅಮ್ಮಿ, ಇನ್ನ ಎಷ್ಟು ದೂರ?" ಎಂದು ಏಳನೇ ಸಲ ಕೇಳಿದಳು. ಇಪ್ಪತ್ತೆರಡಕ್ಕೆ ಬಿದ್ದ ಹುಡುಗಿ, ಐದು ವರ್ಷದವಳ ಹಾಗೆ. "ನಿಮ್ಮಪ್ಪನ ಊರು ಎಲ್ಲೂ ಓಡಿಹೋಗಂಗಿಲ್ಲ, ಸುಮ್ಮನ ಕೂಡು" ಎಂದು ಗದರಿದೆ. ಗದರುವುದು ನನ್ನ ಹುಟ್ಟುಗುಣ. ಮಸ್ಕತ್‌ನಲ್ಲಿ ನಮ್ಮ ಕಟ್ಟಡದ ಕಾವಲುಗಾರ ನನ್ನ ಬಾಯಿಗೆ ಹೆದರಿಯೇ ಲಿಫ್ಟು ಬೇಗ ರಿಪೇರಿ ಮಾಡಿಸುತ್ತಾನೆ. ಈ ಬಾಯಿಯಿಂದ ಏನೇನಾಗಿದೆ ಎಂದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ನನ್ನ ಯಜಮಾನರು ಮಸ್ಕತ್‌ನಲ್ಲಿ ಏಸಿ ರಿಪೇರಿ ಕೆಲಸಕ್ಕೆ ಸೇರಿ ಇಪ್ಪತ್ತನಾಲ್ಕು ವರ್ಷ. ಅವರು ಮರಳಿಯವರು. ನಾನು ಕುಷ್ಟಗಿಯವಳು, ಕನ್ನಡ ಸಾಲಿ ಮಾಸ್ತರರ ಮಗಳು. ಹಾಗಾಗಿ ನಮ್ಮ ಮನೆಯಲ್ಲಿ ನಮಾಜಿಗೆ ಅರಬ್ಬಿ, ಅತ್ತೆಮನೆಯವರ ಜೊತೆ ಅರ್ಧ ಉರ್ದು, ಬೈಗುಳಕ್ಕೆ ಮತ್ತು ಮುದ್ದಿಗೆ ಕನ್ನಡ. ಮಗಳು ಅಲ್ಲೇ ಹುಟ್ಟಿದವಳು, ಒಬ್ಬಳೇ ಮಗಳು. ಅಲ್ಲಿ ಹುಟ್ಟಿದಳೆಂಬುದು ಹೆಸರಿಗಷ್ಟೇ. ಅಪ್ಪನ ಕೆಲಸ ಇರುವ ತನಕ ಅಲ್ಲಿರಲು ಕಾರ್ಡು, ಕೆಲಸ ಹೋದರೆ ಗಂಟುಮೂಟೆ. ಅಲ್ಲಿನ ಒಂದು ಗೋಡೆಗೂ ನಾವು ನಮ್ಮದು ಎನ್ನುವಂತಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಅತ್ತೆ ತೀರಿಕೊಂಡಾಗ ಮರಳಿಗೆ ಬಂದಿದ್ದೆವು. ಆಗಲೇ ನನ್ನ ಮಗಳೂ ನಮ್ಮ ಭಾವನವರ ಮಗನೂ ಮಾತಿಗೆ ಬಿದ್ದಿದ್ದು. ಹುಡುಗ ಇವಳಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಭತ್ತ ಕೊಯ್ಯುವ ಮಷಿನ್ ಇಟ್ಟುಕೊಂಡು ಕಾರಟಗಿ, ಗಂಗಾವತಿ ಸುತ್ತ ಕೊಯ್ಲಿಗೆ ಹೋಗುತ್ತಾನೆ. ಕಡಿಮೆ ಮಾತಿನ ಹುಡುಗ. ನಾವು ಮಸ್ಕತ್‌ಗೆ ವಾಪಸು ಹೋದಮೇಲೆ ಫೋನು ಶುರುವಾಯಿತು. ಅಣ್ಣತಮ್ಮಂದಿರ ಮಕ್ಕಳು ಮದುವೆಯಾಗುವುದು ನಮ್ಮವರಲ್ಲಿ ಹೊಸದಲ್ಲ. ಕಳೆದ ವರ್ಷ ಮಗಳೇ ಬಂದು ನನ್ನ ಪಕ್ಕ ಕೂತು, "ಅಮ್ಮಿ, ನನಗ ಬ್ಯಾರೆ ಯಾರೂ ಬ್ಯಾಡ. ಅಲ್ಲಿ ಹೋದ್ರ ನನಗೂ ಒಂದು ಊರು ಅಂತ ಆಗ್ತದ" ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಅಣ್ಣತಮ್ಮಂದಿರಿಬ್ಬರೂ ಒಂದೇ ಸಂಜೆ ಫೋನಿನಲ್ಲಿ ಎಲ್ಲ ಮುಗಿಸಿಬಿಟ್ಟರು. ನಾವು ಬಂದ ಹತ್ತನೇ ದಿನ ಮಂಗ್ನಿ, ಅಂದರೆ ನಿಶ್ಚಿತಾರ್ಥ. ಮುಂದಿನ ವರ್ಷ ನಿಕಾ. ಹೆಂಗಸರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಕುಣಿದು ಹೂಂ ಅನ್ನುತ್ತಿದ್ದೆ.

ಕಾರು ನಿಂತಾಗ ಬಾಗಿಲಲ್ಲಿ ನನ್ನ ನೆಗೆಣ್ಣಿ ನಿಂತಿದ್ದಳು. ಭಾವನವರ ಹೆಂಡತಿ, ಹುಡುಗನ ತಾಯಿ. ನಾನು ಆಪಾ ಎನ್ನುತ್ತೇನೆ, ಅಕ್ಕ ಎಂದು. ನನ್ನ ಮಗಳಿಗೆ ಅವಳು ಬಡಿಮಾ, ದೊಡ್ಡಮ್ಮ. ಅವಳು ನನ್ನ ಮಗಳನ್ನು ಬಾಚಿ ತಬ್ಬಿಕೊಂಡು ಕುತ್ತಿಗೆಯಲ್ಲಿ ಮುಖ ಹುದುಗಿಸಿ, ಬಿಡಲೇ ಇಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಏನೋ ಕೇಳಿದ ಹಾಗೆ, ನಾನು ಉತ್ತರ ಕೊಡಬೇಕಾದ ಹಾಗೆ. "ಏನಾಪಾ, ಸೊರಗಿದಿ" ಎಂದೆ. "ಏನಿಲ್ಲ" ಎಂದು ಒಳಗೆ ಹೋದಳು. ಗಂಡಿನ ತಾಯಿಯ ಗತ್ತು ಆಗಲೇ ಬಂತೇನಪ್ಪಾ ಎಂದುಕೊಂಡೆ.

ಗತ್ತು ದಿನದಿನಕ್ಕೆ ಏರಿತು. ಉಂಗುರದ ಅಳತೆಗೆ ಗಂಗಾವತಿಗೆ ಹೋಗೋಣ ಎಂದರೆ ಅವಳಿಗೆ ಮೊಣಕಾಲು ನೋವು. ಮಸ್ಕತ್‌ನಿಂದ ತಂದ ಜರಿ ಬಟ್ಟೆ ಬಿಚ್ಚಿ ತೋರಿಸಿದರೆ ಕೈಯಿಂದ ಮುಟ್ಟಲೂ ಇಲ್ಲ. "ಹುಡುಗಿ ತಂಪನ್ಯಾಗ ಬೆಳದಾಳ, ಇಲ್ಲಿ ಭತ್ತದ ಧೂಳಿಗೆ ಕೆಮ್ಮು ಹತ್ತತೈತಿ" ಎಂದಳು. ಮರುದಿನ, "ಇನ್ನ ಸ್ವಲ್ಪ ಓದಲಿ ಬಿಡು, ಏನು ಅವಸರ?" ಎಂದಳು. ಅದರ ಮರುದಿನ ನಾನು ರೊಟ್ಟಿ ಹಿಟ್ಟು ನಾದುತ್ತಿದ್ದಾಗ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ, "ಖರೇ ಹೇಳು, ನಿನಗ ಏನೂ ಅನ್ನಿಸವಲ್ದೇನು?" ಎಂದಳು.

"ಏನು ಅನ್ನಿಸಬೇಕು?"

ಅವಳು ಬಹಳ ಹೊತ್ತು ನನ್ನ ಮುಖ ನೋಡಿ ಎದ್ದುಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗಳಿಗೇನು ಕಡಿಮೆ? ಹೊಲದ ಬದುವಿನ ಮೇಲೆ ಓಡಾಡಿಕೊಂಡು, ರೊಟ್ಟಿ ಬಡಿಯಲು ಕಲಿಯುತ್ತ, ಕೈ ಸುಟ್ಟುಕೊಂಡು ನಗುತ್ತಿದ್ದಳು. ಅಂಥವಳು ಸಂಜೆ ಬಂದು, "ಬಡಿಮಾ ನನ್ನ ಮ್ಯಾಲೆ ಸಿಟ್ಟಾಗ್ಯಾರೇನು ಅಮ್ಮಿ? ನನ್ನ ಮಾರಿ ನೋಡಿದ್ರ ಅವರ ಕಣ್ಣಾಗ ನೀರು ಬರ್ತದ" ಎಂದಳು. "ಅದು ಖುಷಿ ನೀರು" ಎಂದು ಸುಳ್ಳು ಹೇಳಿದೆ. ಒಳಗೊಳಗೆ ನನಗೆ ಖಾತ್ರಿಯಾಗಿತ್ತು: ಈ ಹೆಂಗಸು ಮದುವೆ ಮುರಿಯುತ್ತಾಳೆ, ನನ್ನ ಮಗಳು ಉಳಿಯುವುದಿಲ್ಲ.

ಐದನೇ ದಿನ ಓಣಿಯ ಹೆಂಗಸರು ಹುಡುಗಿಯನ್ನು ನೋಡಲು ಬಂದರು. ಗಂಡಿನ ತಾಯಿ ಹುಡುಗಿಯ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟೇ ಶಾಸ್ತ್ರ. ಸಕ್ಕರೆ ತಟ್ಟೆ ಅವಳ ಮುಂದೆ ಇಟ್ಟರು. ಅವಳು ತಟ್ಟೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಎದ್ದು ಹಿತ್ತಲಿಗೆ ನಡೆದುಬಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಬಾಯಿ ತೆರೆದುಕೊಂಡೇ ಕೂತಿದ್ದಳು, ಪಾಪ. ನಾನೇ ಚಿಟಿಕೆ ಸಕ್ಕರೆ ಹಾಕಿ, ನಗುನಗುತ್ತ ಏನೋ ಹೇಳಿ, ಹಿತ್ತಲಿಗೆ ಹೋದೆ.

ಅವಳು ನೀರಿನ ತೊಟ್ಟಿಯ ಹತ್ತಿರ ನಿಂತು ಮುಖ ತೊಳೆಯುತ್ತಿದ್ದಳು.

"ಏನಾಗೈತಿ ನಿನಗ? ನನ್ನ ಮಗಳು ಬ್ಯಾಡಾಗಿದ್ರ ಬಾಯಿ ಬಿಟ್ಟು ಹೇಳು. ಓಣಿ ಮಂದಿ ಮುಂದ ನಮ್ಮ ಮರ್ಯಾದಿ ಯಾಕ ತಗೀತಿ?" ಎಂದೆ. ದನಿ ಎಷ್ಟು ಏರಿತ್ತೆಂದರೆ ಪಕ್ಕದ ಮನೆಯ ಕೋಳಿಗಳು ಗಾಬರಿಯಾದವು.

ಅವಳು ತಿರುಗಿದಳು. ಇಷ್ಟು ವರ್ಷದಲ್ಲಿ ನಾನು ಅವಳ ಸಿಟ್ಟು ನೋಡಿದವಳಲ್ಲ. "ಮರ್ಯಾದಿ ಮಾತು ನೀ ಆಡಬ್ಯಾಡ. ನಿನಗ ಅಲ್ಲಾನ ಅಂಜಿಕಿನೂ ಇಲ್ಲೇನು? ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನ ಕರಕೊಂಡು ಬಂದೀಯಲ್ಲ!"

"ಏನು ಗೊತ್ತಿದ್ದು?"

ಅವಳ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ನನ್ನ ಮುಖವನ್ನು ಓದುವ ಹಾಗೆ ನೋಡಿದಳು. "ಅತ್ತಿ ನಿನಗ ಹೇಳಿಲ್ಲೇನು?" ಎಂದಳು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

"ಏನು ಹೇಳಬೇಕಿತ್ತು? ಒಗಟಾಗಿ ಮಾತಾಡಬ್ಯಾಡ ಆಪಾ."

"ನಿನಗ ಟೈಫಾಯ್ಡ್ ಆಗಿತ್ತಲ್ಲ, ದವಾಖಾನಿಯಾಗ ಮೂರು ದಿನ ಇದ್ದಿ. ಆವಾಗ ಕೂಸು ನನ್ನ ಹಾಲು ಕುಡದೈತಿ. ಮೂರೂ ದಿನ."

ನಾನು ತೊಟ್ಟಿಯ ಕಟ್ಟೆ ಹಿಡಿದು ಕೂತೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಧರ್ಮದಲ್ಲಿ ಎರಡು ವರ್ಷದೊಳಗಿನ ಕೂಸು ಯಾವ ಹೆಂಗಸಿನ ಎದೆಹಾಲು ಕುಡಿಯುತ್ತದೋ ಆ ಹೆಂಗಸು ಅದಕ್ಕೆ ತಾಯಿ. ಹೆತ್ತ ತಾಯಿಯಷ್ಟೇ ತಾಯಿ. ಅವಳ ಮಕ್ಕಳೆಲ್ಲ ಅದಕ್ಕೆ ಅಣ್ಣತಮ್ಮ, ಅಕ್ಕತಂಗಿ. ಅವರ ನಡುವೆ ನಿಕಾ ಸಲ್ಲದು. ನಮ್ಮ ಕಡೆ ಒಂದು ಸಲ, ಒಂದು ಗುಟುಕು ಇಳಿದರೂ ಸಾಕು ಎನ್ನುತ್ತಾರೆ. ಅದಕ್ಕೇ ನಮ್ಮಲ್ಲಿ ಹೆಂಗಸರು ಬೇರೆಯವರ ಕೂಸಿಗೆ ಹಾಲು ಕೊಡುವ ಮೊದಲು ಗಂಡನನ್ನು ಕೇಳುತ್ತಾರೆ, ಕೊಟ್ಟಮೇಲೆ ಎರಡೂ ಮನೆಗೆ ಸಾರಿ ಹೇಳುತ್ತಾರೆ. ಮುಂದೆ ಮಕ್ಕಳು ತಿಳಿಯದೆ ಮದುವೆಯಾಗಬಾರದಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ ಎಂಟು ತಿಂಗಳ ಕೂಸು ಎತ್ತಿಕೊಂಡು ಮಸ್ಕತ್‌ನಿಂದ ಮೊದಲ ಸಲ ಬಂದಿದ್ದೆ. ನೀರು ಹಿಡಿಯದೆ ಜ್ವರ ಬಂತು. ಗಂಗಾವತಿಯ ದವಾಖಾನೆಗೆ ಸೇರಿಸುವಾಗ ಕೂಸನ್ನು ಜೊತೆಗೆ ಬಿಡಲಿಲ್ಲ. ಹೊರಡುವ ಮುಂಚೆ ನಾನು ಅತ್ತೆಗೂ ನೆಗೆಣ್ಣಿಗೂ ಬೆರಳು ತೋರಿಸಿ, "ನಾ ಹೇಳಿದ್ದು ಬಿಟ್ಟು ನನ್ನ ಕೂಸಿನ ಬಾಯಾಗ ಯಾರೂ ಏನೂ ಹಾಕಬಾರದು" ಎಂದಿದ್ದೆ. ಹಿಂದಿನ ದಿನವಷ್ಟೇ ಅತ್ತೆ ಕೂಸಿಗೆ ಜೇನು ನೆಕ್ಕಿಸಿದ್ದಕ್ಕೆ ಮನೆ ಹಾರಿಹೋಗುವ ಹಾಗೆ ಜಗಳ ಮಾಡಿದ್ದೆ. ಹೊಸ ತಾಯಿ, ಮೇಲೆ ಮಸ್ಕತ್‌ನ ಜಂಬ.

"ಡಬ್ಬಿ ಹಾಲು ಕೊಟ್ರ ಉಗುಳ್ತು, ಆಕಳ ಹಾಲು ಕೊಟ್ರ ಉಗುಳ್ತು" ಎಂದಳು ಆಪಾ. "ಮುಂಜಾನಿಯಿಂದ ಮಧ್ಯಾಹ್ನದ ತನಕ ಅತ್ತು ಅತ್ತು ಕೂಸು ನೀಲಿ ಆತು. ನನ್ನ ಮಗ ಒಂದೂವರಿ ವರ್ಷದಾವ, ಇನ್ನೂ ಕುಡೀತಿದ್ದ. ನನಗ ತಡಕೊಳ್ಳಾಕ ಆಗಲಿಲ್ಲ, ಎದಿಗೆ ಹಚ್ಚಿಕೊಂಡೆ. ಅತ್ತಿ ನೋಡಿದ್ರು. ಗಂಡನ್ನ ಕೇಳಿರಲಿಲ್ಲ, ಅಂಜಿಕಿ ಬಂತು. ಕೂಸಿನ ತಾಯಿಗೆ ನಾನ ಹೇಳ್ತೀನಿ, ನೀ ಸುಮ್ಮನಿರು ಅಂದ್ರು ಅತ್ತಿ. ಎಂಟು ದಿನ ಬಿಟ್ಟು ಕೇಳಿದೆ. ಹೇಳೀನಿ, ಬಿಡು ಅಂದ್ರು."

ಅತ್ತೆ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುದುಕಿ ನನ್ನ ಬಾಯಿಗೆ ಹೆದರಿದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳುತ್ತ ತಳ್ಳುತ್ತ ನಾವು ವಿಮಾನ ಹತ್ತಿಬಿಟ್ಟಿರಬೇಕು. ಇತ್ತ ಆಪಾ ಇಷ್ಟು ವರ್ಷವೂ ನನಗೆ ಗೊತ್ತಿದೆ ಎಂದೇ ತಿಳಿದಿದ್ದಳು. ಅಣ್ಣತಮ್ಮಂದಿರು ಸಂಬಂಧ ಕುದುರಿಸಿದಾಗ ಅವಳು ಬೇಡ ಎಂದಿದ್ದಳಂತೆ. ಭಾವನವರು ಕಾರಣ ಕೇಳದೆ ಹಾರಾಡಿದರಂತೆ, ಗಂಡನನ್ನು ಕೇಳದೆ ಹಾಲು ಕೊಟ್ಟವಳಿಗೆ ಹೇಳಲು ಧೈರ್ಯ ಬರಲಿಲ್ಲವಂತೆ. ನನಗೆ ಫೋನು ಮಾಡಿದರೆ ಸ್ಪೀಕರಿನಲ್ಲಿ ಮನೆಮಂದಿಯೆಲ್ಲ ಕೇಳುತ್ತಾರೆ. ಹಾಗಾಗಿ ನಾನು ಬರುವ ತನಕ ಕಾದಿದ್ದಳು. ಬಂದವಳು ನಾನು ಜರಿ ಬಟ್ಟೆ ಬಿಚ್ಚಿ ಹರಡಿದೆ.

ಒಳಗೆ ಹೆಂಗಸರು ನಗುತ್ತಿದ್ದರು. ಮಗಳ ನಗು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ನನಗೆ ಆಗ ದೇವರೂ ನೆನಪಾಗಲಿಲ್ಲ, ಧರ್ಮವೂ ನೆನಪಾಗಲಿಲ್ಲ. ನೆನಪಾದದ್ದು ಒಂದೇ. ಇದು ಗೊತ್ತಿದ್ದವರು ಮೂವರು, ಒಬ್ಬರು ಮಣ್ಣಿನಲ್ಲಿದ್ದಾರೆ.

"ಆಪಾ, ಸುಮ್ಮನಿದ್ದುಬಿಡೂಣು" ಎಂದೆ.

ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ತಿಳದವರನ್ನ ಒಬ್ಬರನ್ನ ಕೇಳೂಣು. ಅವರು ಆಗತೈತಿ ಅಂದ್ರ ನನ್ನಷ್ಟು ಖುಷಿ ಪಡೋರು ಯಾರೂ ಇಲ್ಲ."

ಗಂಗಾವತಿಯಲ್ಲಿ ಕೇಳಿದರೆ ಸಂಜೆಯೊಳಗೆ ಮರಳಿಗೆ ಸುದ್ದಿ. ಯಲಬುರ್ಗಾದಲ್ಲಿ ನಮ್ಮಪ್ಪನಿಗೆ ಬೇಕಾಗಿದ್ದ ಒಬ್ಬ ಹಿರಿಯ ಹಜ್ರತ್ ಇದ್ದರು, ಧರ್ಮಶಾಸ್ತ್ರ ತಿಳಿದವರು. ವಯಸ್ಸು ಎಂಬತ್ತು ದಾಟಿತ್ತು, ಮಾತು ಹೊರಗೆ ಹೋಗದು. ಮರುದಿನ ಬೆಳಿಗ್ಗೆ, ಕುಷ್ಟಗಿಗೆ ಹೋಗಿ ನನ್ನ ತಮ್ಮನಿಗೆ ಮಂಗ್ನಿಯ ಕರೆ ಕೊಟ್ಟು ಬರುತ್ತೇವೆ ಎಂದು ಹೇಳಿ ಇಬ್ಬರೂ ಹೊರಟೆವು. ಮಗಳು ಬಾಗಿಲ ತನಕ ಬಂದು, "ಇಬ್ಬರೂ ರಾಜಿ ಆದ್ರೇನು? ಅಲ್ಲಾ, ಸಾಕಾತಪ್ಪ ನಿಮ್ಮ ಜಗಳ" ಎಂದು ನಕ್ಕಳು. ಆಪಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

ಗಂಗಾವತಿಯಲ್ಲಿ ಕೊಪ್ಪಳದ ಬಸ್ಸು ಹತ್ತಿದೆವು. ಹುಲಿಗೆಮ್ಮನ ಗುಡಿಗೆಂದು ಹುಲಿಗಿಗೆ ಹೊರಟ ಹೆಂಗಸರು ಬುಟ್ಟಿ ಹಿಡಿದು ಬಸ್ಸು ತುಂಬಿದ್ದರು. ಕಂಡಕ್ಟರು ಬಂದು, "ಆಧಾರ ತೋರಸ್ರಿ ಅಕ್ಕಾರ, ಹೆಣ್ಣುಮಕ್ಕಳಿಗೆ ರೊಕ್ಕ ಇಲ್ಲ" ಎಂದ. ನಾನು ಗಡಿಬಿಡಿಯಲ್ಲಿ ಆಧಾರ್ ಬದಲು ಮಸ್ಕತ್‌ನ ಕಾರ್ಡು ತೋರಿಸಿದೆ. "ಇದು ಎಲ್ಲೀದ್ರಿ? ಇದು ನಡಿಯಂಗಿಲ್ಲ ಇಲ್ಲಿ" ಎಂದು ನಕ್ಕ. ಬೇರೆ ದಿನವಾಗಿದ್ದರೆ ಅವನಿಗೆ ನಾಲ್ಕು ಮಾತು ಹೇಳುತ್ತಿದ್ದೆ.

ನಡುದಾರಿಯ ಕ್ರಾಸಿನಲ್ಲಿ ಹುಲಿಗಿಯವರೆಲ್ಲ ಇಳಿದಮೇಲೆ ಬಸ್ಸು ಖಾಲಿಯಾಯಿತು. ನಾನು ಆಪಾಳ ಕೈ ಹಿಡಿದುಕೊಂಡೆ.

"ನಿನ್ನ ಕಾಲಿಗೆ ಬೀಳ್ತೀನಿ. ಎದಿಗೆ ಹಚ್ಚೀನಿ ಅನ್ನು, ಕುಡೀತೋ ಇಲ್ಲೋ ನೆನಪಿಲ್ಲ ಅನ್ನು. ಅಷ್ಟ ಸಾಕು. ಅನುಮಾನ ಅಂದ್ರ ಅವರು ಏನಾರ ದಾರಿ ತಗೀತಾರ."

ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಕೊಪ್ಪಳ ಬಂತು, ಯಲಬುರ್ಗಾದ ಬಸ್ಸಿಗೆ ಬದಲಾಯಿಸಿದೆವು. ಕುಕನೂರು ದಾಟಿದಮೇಲೆ, "ನನಗ ಹೆಣ್ಣು ಹುಟ್ಟಲಿಲ್ಲ" ಎಂದಳು. "ಆ ಮೂರು ದಿನ ನಿನ್ನ ಮಗಳು ನನ್ನ ಮಗಳಾಗಿದ್ಲು. ಅದನ್ನ ನೆನಪಿಲ್ಲ ಅನ್ನಬೇಕು ನಾನು. ಹೂಂ, ಅಂತೀನಿ. ನಿನಗೋಸ್ಕರ ಅಲ್ಲ, ಆಕಿಗೋಸ್ಕರ."

ಹಜ್ರತ್ ಅಂಗಳದ ಬೇವಿನ ಗಿಡದ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದರು. ನಾನು ಯಾರ ಮಗಳೆಂದು ಹೇಳಿದ ಕೂಡಲೇ, "ಮಾಸ್ತರ ಮಗಳಾ? ಬಾರವ್ವಾ, ಬಾ" ಎಂದು ನೀರು ತರಿಸಿದರು. ಅಪ್ಪ ಎಂಥ ಸತ್ಯವಂತ ಮನುಷ್ಯ ಎಂದು ಹೊಗಳಿದರು. ನಾನು ಲೋಟ ಕೆಳಗಿಟ್ಟೆ.

ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಆಪಾಳ ಕಡೆ ತಿರುಗಿ, "ಕೂಸು ಕುಡೀತೇನವ್ವಾ? ಹಾಲು ಗಂಟಲಾಗ ಇಳಿದಿದ್ದು ನಿನಗ ಖಾತ್ರಿ ಐತೇನು?" ಎಂದರು.

ಆಪಾ ನೆಲ ನೋಡುತ್ತ, "ಭಾಳ ವರ್ಷ ಆತ್ರಿ ಹಜ್ರತ್" ಎಂದಳು. ದನಿ ಅವಳದೇ ಅಲ್ಲ. "ಬಾಯಿಗೆ ಹಚ್ಚೀನಿ. ಕುಡೀತೋ, ಸುಮ್ಮನ ಬಾಯಿ ಇಟ್ಟಿತ್ತೋ... ನೆನಪಿಲ್ರಿ."

ಜೀವಮಾನದಲ್ಲಿ ಸುಳ್ಳು ಆಡಿ ಗೊತ್ತಿಲ್ಲದ ಹೆಂಗಸು. ಕತ್ತಿನ ನರ ಉಬ್ಬಿ ನಿಂತಿತ್ತು. ಹಜ್ರತ್ ಅವಳನ್ನು ಮತ್ತೆ ಕೇಳಲಿಲ್ಲ. ನನ್ನ ಕಡೆ ತಿರುಗಿದರು. ನನಗೆ ಎದೆ ಹಗುರಾಯಿತು. ಆಯಿತು, ದಾಟಿದೆವು ಎಂದುಕೊಂಡೆ.

"ನೀ ದವಾಖಾನಿಯಿಂದ ಬಂದಾಗ ಕೂಸು ಹೆಂಗಿತ್ತವ್ವಾ?" ಎಂದರು.

ಅಷ್ಟೇ ಕೇಳಿದ್ದು. ಚೆನ್ನಾಗಿತ್ತು, ಅತ್ತೆ ಆಕಳ ಹಾಲು ಹಾಕಿದ್ದರಂತೆ ಎಂದರೆ ಮುಗಿಯುತ್ತಿತ್ತು. ಅತ್ತೆ ನನಗೆ ಹಾಗೇ ಹೇಳಿದ್ದರು, ನಾನು ನಂಬಿದ್ದೆ. ಆದರೆ ಮಸ್ಕತ್‌ನಲ್ಲಿ ಯಾರ ಮನೆಗೆ ಹೋದರೂ ನನ್ನದೊಂದು ಕೊಚ್ಚಿಕೊಳ್ಳುವ ಮಾತಿತ್ತು. ನನ್ನ ಮಗಳು ಒಂದು ವರ್ಷ ತುಂಬುವ ತನಕ ಬಾಟಲಿ ಮುಟ್ಟಲಿಲ್ಲ, ಚಮಚ ಮುಟ್ಟಲಿಲ್ಲ, ಎದೆಹಾಲು ಬಿಟ್ಟು ಒಂದು ಹನಿ ಬೇರೆ ಹಾಲು ಇಳಿಸಲಿಲ್ಲ! ಇಪ್ಪತ್ತೊಂದು ವರ್ಷ ಇದನ್ನು ಹೇಳಿಕೊಂಡು ತಿರುಗಿದವಳು ನಾನೇ. ಹಾಗಾದರೆ ಆ ಮೂರು ದಿನ ಕೂಸು ಆಕಳ ಹಾಲು ಹೇಗೆ ಕುಡಿಯಿತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾಲ್ಕನೇ ದಿನ ಮನೆಗೆ ಬಂದು, ಕಲ್ಲಾದ ಎದೆಯ ನೋವು ತಡೆಯಲಾರದೆ, ಆಪಾಳ ತೊಡೆಯಿಂದ ಕೂಸನ್ನು ಕಸಿದುಕೊಂಡು ಹಾಲು ಕೊಡಲು ಹೋದರೆ, ಎರಡು ಗುಟುಕು ಕುಡಿದು ತೇಗಿ ಮುಖ ತಿರುಗಿಸಿ ಮಲಗಿತು. ನನ್ನನ್ನು ಮರೆತೆಯೇನೇ ಎಂದು ಅವತ್ತು ಅತ್ತಿದ್ದೆ. ಅದು ಹಸಿದ ಕೂಸಾಗಿರಲಿಲ್ಲ.

ಆಪಾ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ನನಗಾಗಿ, ನನ್ನ ಮಗಳಿಗಾಗಿ ಅವಳು ತನ್ನ ನಾಲಿಗೆ ಹೊಲಸು ಮಾಡಿಕೊಂಡಿದ್ದಳು. ನಾನು ಇನ್ನೊಂದು ಸುಳ್ಳು ಸೇರಿಸಿದರೆ ಸಾಯುವ ತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರೆವು. ಆ ಇಬ್ಬರು ಮಕ್ಕಳ ಮಕ್ಕಳನ್ನು ಎತ್ತಿಕೊಂಡಾಗಲೆಲ್ಲ ಈ ಅಂಗಳ ನೆನಪಾಗುತ್ತದೆ.

"ಹೊಟ್ಟಿ ತುಂಬಿತ್ರಿ" ಎಂದೆ. "ಆಕಿ ಬ್ಯಾರೆ ಏನೂ ಕುಡದಾಕಿ ಅಲ್ರಿ ಹಜ್ರತ್. ಎದಿಹಾಲನ ಕುಡದಾಳ. ಮೂರೂ ದಿನ ಕುಡದಾಳ. ಸುಳ್ಳು ಹೇಳು ಅಂತ ಈಕಿಗೆ ನಾನ ಹೇಳಿದ್ದೆ."

ಆಪಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹಜ್ರತ್ ನೀರಿನ ಲೋಟ ಅವಳ ಕಡೆ ಸರಿಸಿದರು. "ಹಂಗಾದ್ರ ಅವರಿಬ್ಬರೂ ಅಣ್ಣತಂಗಿ" ಎಂದರು. "ನಿಕಾ ಇಲ್ಲ. ಪರದಾನೂ ಇಲ್ಲವ್ವಾ. ಇವತ್ತಿನಿಂದ ಆಕಿ ಅವನ ಮುಂದ ತಲಿ ಮುಚ್ಚಬೇಕಾಗಿಲ್ಲ. ಒಡಹುಟ್ಟಿದ ಅಣ್ಣನ ಮುಂದ ಯಾರು ಮುಚ್ಚತಾರ?" ಸಮಾಧಾನ ಹೇಳಲೆಂದೇ ಆ ಮಾತು ಹೇಳಿದರು. ಸಮಾಧಾನವಾಗಲಿಲ್ಲ.

ಮರಳಿಗೆ ಬಂದು ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳಿದೆವು. ಭಾವನವರು ಆಪಾಳ ಮೇಲೆ ಕೂಗಿದರು, "ಇಷ್ಟು ವರ್ಷ ಬಾಯಾಗ ಏನು ಇಟ್ಟುಕೊಂಡಿದ್ದಿ?" ಎಂದು. ನಮ್ಮ ಯಜಮಾನರು ನನ್ನ ಮೇಲೆ ಕೂಗಿದರು, "ಯಲಬುರ್ಗಾಕ್ಕ ಹೋಗು ಅಂತ ನಿನಗ ಯಾರು ಹೇಳಿದ್ರು?" ಎಂದು. ಹುಡುಗ ಕಂಬಕ್ಕೆ ಒರಗಿ ನಿಂತು ಕೇಳಿದ. ಮಾತು ಮುಗಿದಮೇಲೆ ಮಷಿನ್ನಿನ ಕೀಲಿ ತೆಗೆದುಕೊಂಡು ಹೊರಗೆ ಹೋದ. ಮೂರು ದಿನ ಕಾರಟಗಿ ಕಡೆಯ ಗದ್ದೆಗಳಲ್ಲೇ ಇದ್ದ. ಊಟಕ್ಕೂ ಮನೆಗೆ ಬರಲಿಲ್ಲ.

ಮಗಳು ಅಳಲಿಲ್ಲ. ಒಳಕೋಣೆಯಲ್ಲಿ ಭತ್ತದ ಚೀಲಗಳ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಬೇಡಿಕೊಂಡದ್ದು, ಆಪಾ ಸುಳ್ಳು ಹೇಳಿದ್ದು, ನಾನು ಅದನ್ನು ಮುರಿದದ್ದು, ಒಂದೂ ಬಿಡದೆ ಹೇಳಿದೆ. ಮುಚ್ಚಿಟ್ಟು ಮುಚ್ಚಿಟ್ಟು ಆಗಿದ್ದು ಸಾಕಾಗಿತ್ತು.

"ಬಡಿಮಾ ನೆನಪಿಲ್ಲ ಅಂದಿದ್ರು" ಎಂದಳು.

"ಹೂಂ."

"ನೀನ ಹೇಳಿದ್ದು."

"ನಾನ."

"ನೀ ಸುಮ್ಮನಿರಬಹುದಿತ್ತು ಅಮ್ಮಿ. ಜಿಂದಗಿಯಾಗ ಒಂದ ಸಲ ಸುಮ್ಮನಿರಬಹುದಿತ್ತು."

ಆ ಮಾತು ಇವತ್ತಿಗೂ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಇದೆ. ಇರಬಹುದಿತ್ತು, ಮಗಳೇ. ಮಾತಾಡಬಾರದಲ್ಲಿ ಮಾತಾಡಿ ನಿನ್ನ ಅಜ್ಜಿಯ ಬಾಯಿ ಮುಚ್ಚಿಸಿದವಳು ನಾನು, ಸುಮ್ಮನಿದ್ದರೆ ನಡೆದುಹೋಗುತ್ತಿದ್ದ ಕಡೆ ಬಾಯಿ ಬಿಟ್ಟವಳೂ ನಾನು. ತಪ್ಪು ಮಾಡಿದೆನೋ ಸರಿ ಮಾಡಿದೆನೋ ಎಂದು ಯಾರಾದರೂ ಕೇಳಿದರೆ, ಸರಿ ಮಾಡಿದೆ ಎನ್ನುತ್ತೇನೆ. ಅನ್ನುವಾಗ ಅವಳ ಮುಖ ಮಾತ್ರ ನೋಡುವುದಿಲ್ಲ.

ಯಜಮಾನರು ಟಿಕೆಟ್ ಬದಲಾಯಿಸಿದರು. ಆ ಮೂರು ದಿನ ಮಗಳು, ಆಪಾ ತಟ್ಟೆ ಹಿಡಿದು ಬಂದರೆ ಉಂಡಳು, ಎಣ್ಣೆ ಹಚ್ಚಲು ಕರೆದರೆ ಮುಂದೆ ಬಂದು ಕೂತಳು. ಆಪಾ ಜಡೆ ಹೆಣೆಯುತ್ತ, "ನಿನಗ ಇಲ್ಲಿ ಒಬ್ಬಾಕಿ ತಾಯಿ ಅದಾಳ, ಇದು ನಿನ್ನ ತವರು, ನೀ ಯಾವಾಗ ಬೇಕಾದ್ರೂ ಬಾ" ಎಂದಳು. ಮಗಳು ಎದ್ದು ಜಡೆಯ ತುದಿ ತಾನೇ ಕಟ್ಟಿಕೊಂಡಳು.

ಹೊರಡುವ ಬೆಳಿಗ್ಗೆ ಹುಡುಗ ಬಂದ. ಭಾವನವರೇ ಕರೆಸಿದ್ದರು, ನಮ್ಮನ್ನು ಹೈದರಾಬಾದಿಗೆ ಬಿಡಲು. ಮೂರು ದಿನದ ಗಡ್ಡ, ಅಂಗಿಯ ತುಂಬ ಭತ್ತದ ಧೂಳು. ಸಾಮಾನು ಎತ್ತಲು ಪಡಸಾಲೆಗೆ ಬಂದವನು ಮಗಳು ಅಲ್ಲೇ ಇದ್ದದ್ದು ಕಂಡು ಹೊಸ್ತಿಲಲ್ಲಿ ನಿಂತ. ಮನೆಯವರಲ್ಲದೆ ಬೇರೆ ಯಾರೂ ಇರಲಿಲ್ಲ.

ಮಗಳು ಅವನ ಕಡೆ ತಿರುಗಿದಳು. ಕಿವಿಯ ಹತ್ತಿರದ ಪಿನ್ನು ಬಿಚ್ಚಿ, ದುಪಟ್ಟಾ ತಲೆಯಿಂದ ಇಳಿಸಿ ಹೆಗಲ ಮೇಲೆ ಹಾಕಿಕೊಂಡಳು. ಮೂರು ವರ್ಷ ಫೋನಿನಲ್ಲಿ ಮಾತಾಡಿದರೂ ಅವಳ ಕೂದಲು ಎಷ್ಟುದ್ದ ಎಂದು ಅವನಿಗೆ ಗೊತ್ತಿರಲಿಲ್ಲ.

"ಭಾಯಿ, ಆ ದೊಡ್ಡದು ಭಾಳ ಭಾರ ಐತಿ. ಹುಷಾರು" ಎಂದಳು.

ಈಗ ಅವನು ನೋಡಬಹುದಿತ್ತು. ಯಾವ ತಪ್ಪೂ ಇರಲಿಲ್ಲ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕೈ ಮಾತ್ರ ಹಿಂದಕ್ಕೆ ಚಾಚಿ, ಸೂಟ್‌ಕೇಸಿನ ಹಿಡಿಕೆ ಎಲ್ಲಿದೆ ಎಂದು ತಡಕಾಡಿದ.